ಊಟದ ಮೇಜಿನ ಮೇಲಿನ ಮೂರನೇ ಅಧ್ಯಾಯ

ನಮ್ಮ ಮನೆಯಲ್ಲಿ ಒಂದು ಊಟದ ಮೇಜಿದೆ. ನಾನು ಹೇಳಿದೆ ಅಂತ ನೀವು ನಂಬಬೇಕು, ಯಾಕೆಂದರೆ ನೋಡಲು ಬಂದರೆ ಕಾಣಿಸುವುದಿಲ್ಲ. ಏಳು ವರ್ಷದಿಂದ ಅದರ ಮೇಲೆ ನಮ್ಮ ಯಜಮಾನರ ಪಿಎಚ್‌ಡಿ ಕೂತಿದೆ. ನಾವಿಬ್ಬರೂ ಸೋಫಾದಲ್ಲಿ ಕೂತು, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಊಟ ಮಾಡುತ್ತೇವೆ. ಮನೆಗೆ ಬಂದ ನೆಂಟರೂ ಹಾಗೇ ಮಾಡುತ್ತಾರೆ. ಒಮ್ಮೆ ಮಾಡಿದವರು ಇನ್ನೊಮ್ಮೆ ಬರುವುದಿಲ್ಲ.

ಇವರ ಸಂಶೋಧನೆ ಸಾಲಿನಲ್ಲಿ ನಿಂತು ಕಾಯುವ ಜನರ ಬಗ್ಗೆ. ಟಿಕೆಟ್ ಕೌಂಟರು, ಆಸ್ಪತ್ರೆ, ಬಿಲ್ಲು ಕಟ್ಟುವ ಕಿಟಕಿ, ಎಲ್ಲಿ ಜನ ಒಬ್ಬರ ಬೆನ್ನ ಹಿಂದೆ ಒಬ್ಬರು ನಿಲ್ಲುತ್ತಾರೋ ಅಲ್ಲಿ ಇವರು ಪಕ್ಕದಲ್ಲಿ ನಿಂತು ನೋಡಿಕೊಂಡು ಬಂದಿದ್ದಾರೆ. ಯಾರು ಗೊಣಗುತ್ತಾರೆ, ಯಾರು ನಡುವೆ ನುಸುಳುತ್ತಾರೆ, ನುಸುಳಿದವನನ್ನು ಯಾರು ಬೈಯುತ್ತಾರೆ, ಯಾರು ಬೈಯಲೂ ಆಗದೆ ಬಿಡಲೂ ಆಗದೆ ಚಪ್ಪಲಿ ನೋಡಿಕೊಂಡು ನಿಲ್ಲುತ್ತಾರೆ, ಎಲ್ಲವನ್ನೂ ವಿಂಗಡಿಸಿದ್ದಾರೆ. ತಾವು ಆ ಕೊನೆಯ ಗುಂಪಿನವರು ಎಂಬುದನ್ನು ಮಾತ್ರ ಎಲ್ಲೂ ಬರೆದಿಲ್ಲ.

ಎಂಟು ತಿಂಗಳ ಹಿಂದೆ ಇವರು ಮೂರನೇ ಅಧ್ಯಾಯವನ್ನು ತಮ್ಮ ಗೈಡ್ ಆದ ಮೇಡಂ ಕೈಗೆ ಕೊಟ್ಟು ಬಂದರು. ಮೇಡಂ ಓದಿ ಹೇಳುತ್ತೇನೆ ಎಂದರಂತೆ. ಮೊದಲ ತಿಂಗಳು ಇವರು, ಮೇಡಂ ಆಳವಾಗಿ ಓದುತ್ತಿದ್ದಾರೆ ಎಂದರು. ಎರಡನೇ ತಿಂಗಳು, ಮೇಡಂಗೆ ಇಷ್ಟವಾದಂತಿಲ್ಲ ಎಂದರು. ಮೂರನೇ ತಿಂಗಳು, ಕರೆದು ಬೈಯುವ ಯೋಗ್ಯತೆಯೂ ಇಲ್ಲದ ಅಧ್ಯಾಯ ಅದು ಎಂದು ತಾವೇ ತೀರ್ಮಾನಿಸಿ, ವಿಭಾಗದ ಮುಂದಿನ ಮೆಟ್ಟಿಲು ಬಿಟ್ಟು ಹಿಂದಿನ ಮೆಟ್ಟಿಲು ಹಿಡಿದರು. ಹಿಂದಿನ ಮೆಟ್ಟಿಲು ಎಂದರೆ ಸೈಕಲ್ ಸ್ಟ್ಯಾಂಡ್ ಪಕ್ಕದ್ದು, ಮುರಿದ ಬೆಂಚುಗಳನ್ನು ಪೇರಿಸಿಟ್ಟದ್ದು, ಮನುಷ್ಯರು ಓಡಾಡದ್ದು. ಹೋಗಿ ಒಂದು ಮಾತು ಕೇಳಬಾರದೇ ಎಂದು ನಾನು ಕೇಳಿದರೆ, ನಿನಗೆ ಈ ಲೋಕದ ರೀತಿ ನೀತಿ ಗೊತ್ತಿಲ್ಲ ಎನ್ನುತ್ತಿದ್ದರು.

ಗೊತ್ತಿಲ್ಲ ಎಂಬುದು ನಿಜವೇ. ನಾನು ವಿಶ್ವವಿದ್ಯಾಲಯದ ಗೇಟಿನ ಎದುರಿನ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ನಮ್ಮಲ್ಲಿ ಕಾಣಿಸದಿದ್ದರೆ ಕಾಣಿಸುತ್ತಿಲ್ಲ ಎಂದು ಬಾಯಿಬಿಟ್ಟು ಹೇಳುತ್ತಾರೆ.

ಆದರೆ ಒಂದು ವಿಷಯ ನನಗೂ ಗೊತ್ತಿತ್ತು. ಆ ಎಂಟನೇ ತಿಂಗಳ ಕೊನೆಗೆ ಇವರ ನೋಂದಣಿಯ ಅವಧಿ ಮುಗಿಯುತ್ತಿತ್ತು. ಅವಧಿ ವಿಸ್ತರಣೆಯ ಅರ್ಜಿಗೆ ಮೇಡಂ ಸಹಿ ಬೀಳದಿದ್ದರೆ ಏಳು ವರ್ಷ ನೀರಲ್ಲಿ ಹೋಮ. ಸಾಲಿನಲ್ಲಿ ನಿಂತ ಅಷ್ಟೂ ಜನ, ನನ್ನ ಊಟದ ಮೇಜು, ಎಲ್ಲವೂ ದಂಡ. ಬೇಕಾಗಿದ್ದುದು ಒಂದು ಸಹಿ. ಅದಕ್ಕಾಗಿ ಮೇಡಂ ಕೋಣೆಯ ಬಾಗಿಲು ತಟ್ಟುವುದೊಂದನ್ನು ಬಿಟ್ಟು ಬೇರೆ ಏನು ಮಾಡಲೂ ಇವರು ಸಿದ್ಧರಿದ್ದರು.

ಹಾಗೆ ಬೇರೆ ಏನೋ ಮಾಡುತ್ತಿರುವಾಗಲೇ ಸಂಘ ಹುಟ್ಟಿತು.

ಒಂದು ಮಧ್ಯಾಹ್ನ ಇವರ ವಿಭಾಗದ ಕಟ್ಟಡದಲ್ಲೇ ಇರುವ ಗ್ರಂಥಾಲಯದಲ್ಲಿ ಮೇಡಂ ಧ್ವನಿ ಕೇಳಿಸಿತಂತೆ. ಇವರು ಕಪಾಟುಗಳ ಸಂದಿಗೆ ನುಗ್ಗಿ, ಕೈಗೆ ಸಿಕ್ಕ ಪುಸ್ತಕವನ್ನು ಬಿಡಿಸಿ ಮುಖಕ್ಕೆ ಅಡ್ಡ ಹಿಡಿದರು. ಪಿಎಚ್‌ಡಿ ಮಾಡುವವರಿಗೆ ಯಾರೂ ಬಾಯಿಬಿಟ್ಟು ಹೇಳಿಕೊಡದ ವಿದ್ಯೆಗಳ ಬಗ್ಗೆ ಯಾರೋ ಪುಣ್ಯಾತ್ಮರು ಬರೆದ ಪುಸ್ತಕ ಅದು. ಗೈಡ್‌ಗೆ ಪತ್ರ ಬರೆಯುವುದು, ಸೆಮಿನಾರಿನಲ್ಲಿ ಪ್ರಶ್ನೆ ಕೇಳುವುದು, ಆಗುವುದಿಲ್ಲ ಎಂದು ಹೇಳುವುದು, ಹೀಗೆ. ಧ್ವನಿ ದೂರವಾಗಿ ಇವರು ಪುಸ್ತಕ ಇಳಿಸಿದಾಗ ಎದುರಿಗೆ ಸಸ್ಯಶಾಸ್ತ್ರ ವಿಭಾಗದ ಮೊದಲ ವರ್ಷದ ಹುಡುಗಿಯೊಬ್ಬಳು ನಿಂತಿದ್ದಳು. ಅಣ್ಣ, ಈ ಪುಸ್ತಕ ಚೆನ್ನಾಗಿದೆಯಾ ಎಂದು ಕೇಳಿದಳು. ಗೈಡ್‌ಗೆ ಹೆದರಿ ಅಡಗಿದ್ದೆ ಎನ್ನಲು ಯಾವ ಗಂಡಸಿಗೆ ಮನಸ್ಸು ಬರುತ್ತದೆ? ಇವರು ಗಂಟಲು ಸರಿಮಾಡಿಕೊಂಡು, ನಾವು ಕೆಲವರು ಸೇರಿ ಇದನ್ನೇ ಓದುತ್ತಿದ್ದೇವೆ ಎಂದರು. ಎಲ್ಲಿ ಎಂದಳು. ಮೇಲಿನ ವಾಚನಾಲಯದಲ್ಲಿ ಎಂದರು. ಯಾವಾಗ ಎಂದಳು. ಗುರುವಾರ ಐದು ಗಂಟೆಗೆ ಎಂದರು. ಮಾತು ಬಾಯಿಂದ ಹೊರಬಿದ್ದ ಮೇಲೆ ಗುರುವಾರ ಬಾರದೆ ಇರುತ್ತದೆಯೇ?

ಆ ಗುರುವಾರ ಹುಡುಗಿ ತನ್ನ ಜೊತೆ ಮೂವರನ್ನು ಕರೆತಂದಳು. ಅವರಲ್ಲಿ ಒಬ್ಬ ಕೂತಲ್ಲಿ ನಿಂತಲ್ಲಿ ಪ್ರಶ್ನೆ ಕೇಳುವ ಹುಡುಗ. ಹಾಗಾಗಿ ಎಲ್ಲರೂ ಅವನನ್ನು ಪ್ರಶ್ನೆ ಎಂದೇ ಕರೆಯುತ್ತಿದ್ದರು. ಪುಸ್ತಕವಿದ್ದುದು ಒಂದೇ ಪ್ರತಿ. ಅದು ಇವರ ಕೈಯಲ್ಲಿತ್ತು, ಇವರು ಅದನ್ನು ಓದಿರಲಿಲ್ಲ. ಉಳಿದವರು ಬೇರೆಯವರು ಓದಿರುತ್ತಾರೆ ಎಂದುಕೊಂಡು ಬಂದಿದ್ದರು. ಯಾರೂ ಓದದ ಪುಸ್ತಕದ ಬಗ್ಗೆ ಚರ್ಚೆ ಕಳೆಗಟ್ಟುವಷ್ಟು, ಓದಿದ ಪುಸ್ತಕದ ಬಗ್ಗೆ ಕಳೆಗಟ್ಟುವುದಿಲ್ಲ ಎಂಬುದು ನಾನು ಆಮೇಲೆ ಕಂಡುಕೊಂಡ ಸತ್ಯ.

ಅಂದಿನ ವಿಷಯ, ಗೈಡ್‌ಗೆ ಇಮೇಲ್ ಬರೆಯುವುದು ಹೇಗೆ. ಅದರಲ್ಲಿ ಇವರನ್ನು ಮೀರಿಸುವವರಿಲ್ಲ. ಎಂಟು ತಿಂಗಳಿಂದ ಪ್ರತಿದಿನ ಮೇಡಂಗೆ ಒಂದು ಇಮೇಲ್ ಬರೆದು, ತಿದ್ದಿ, ಕಳಿಸದೆ ಇಟ್ಟ ಅನುಭವ ಅವರ ಬೆನ್ನಿಗಿತ್ತು. ಎರಡೇ ಸಾಲು ಬರೆಯಿರಿ, ಕ್ಷಮೆ ಕೇಳಬೇಡಿ ಎಂದು ಇವರು ಎದ್ದು ನಿಂತು ಹೇಳಿದರಂತೆ. ಮೊದಲ ಸಾಲಿನಲ್ಲಿ ವಿಷಯ, ಎರಡನೇ ಸಾಲಿನಲ್ಲಿ ಏನು ಬೇಕು ಅನ್ನುವುದು, ಮುಗಿಯಿತು.

ಹುಡುಗಿ ಹಾಗೇ ಬರೆದಳು. ಅವಳ ಗೈಡ್ ಅರ್ಧ ಗಂಟೆಯಲ್ಲಿ ಉತ್ತರ ಕೊಟ್ಟರು. ಪ್ರಶ್ನೆಯೂ ಬರೆದ, ಅವನಿಗೂ ಉತ್ತರ ಬಂತು. ಮುಂದಿನ ಗುರುವಾರ ವಾಚನಾಲಯದಲ್ಲಿ ಕುರ್ಚಿ ಸಾಲಲಿಲ್ಲ. ಇತಿಹಾಸದವರು ಬಂದರು, ಗಣಿತದವರು ಬಂದರು, ಐದು ವರ್ಷದಿಂದ ಮುಖ ತೋರಿಸದ ಒಬ್ಬ ಗಡ್ಡದವನು ಬಂದ. ಬಾರದವರೆಂದರೆ ಇವರ ಸ್ವಂತ ವಿಭಾಗದವರು. ಅವರಿಗೆ ಇವರು ಹಿಂದಿನ ಮೆಟ್ಟಿಲಿನ ಮನುಷ್ಯ ಎಂಬುದು ಗೊತ್ತಿತ್ತು. ಗೋಡೆಗೆ ಅಂಟಿಸಿದ ಕಾಗದದಲ್ಲಿ ಸಂಚಾಲಕರು: ಓರ್ವ ಅನುಭವಿ ಎಂದಷ್ಟೇ ಇತ್ತು. ಹೆಸರು ಹಾಕಿದರೆ ಮೇಡಂ ಕಣ್ಣಿಗೆ ಬೀಳುತ್ತದಲ್ಲ.

ಇವರಿಗೆ ನಿಧಾನವಾಗಿ ಕೊಂಬು ಬಂತು. ನಡಿಗೆ ಬದಲಾಯಿತು. ಸೋಫಾದ ಮೇಲೆ ಕೂತು ಊಟ ಮಾಡುವಾಗ ನನಗೂ ಸಲಹೆ ಕೊಡತೊಡಗಿದರು. ಗಿರಾಕಿಯ ಜೊತೆ ಮಾತಾಡುವಾಗ ಮೊದಲ ವಾಕ್ಯದಲ್ಲೇ ವಿಷಯಕ್ಕೆ ಬರಬೇಕು ಎಂದರು. ಅರ್ಜಿಗೆ ಸಹಿ ಆಯಿತೇ ಎಂದು ನಾನು ಮೊದಲ ವಾಕ್ಯದಲ್ಲೇ ವಿಷಯಕ್ಕೆ ಬಂದೆ. ಇವರು ಉಪ್ಪು ಬೇಕು ಎಂದು ಎದ್ದು ಹೋದರು.

ಸುದ್ದಿ ನಮ್ಮ ಕಟ್ಟಡದೊಳಗೂ ಹಬ್ಬಿತು. ಕೆಳಗಿನ ಮನೆಯ ಆಂಟಿ ಬಂದು, ಸೊಸೆ ಫೋನ್ ಎತ್ತುತ್ತಿಲ್ಲ, ಏನು ಬರೆಯಲಿ ಎಂದು ಇವರನ್ನು ಕೇಳಿದರು. ಎರಡೇ ಸಾಲು, ಕ್ಷಮೆ ಬೇಡ ಎಂದರು ಇವರು. ಆಂಟಿ ಬರೆದರು: ನೀನು ಫೋನ್ ಎತ್ತುತ್ತಿಲ್ಲ. ನನ್ನ ದೊಡ್ಡ ಕುಕ್ಕರ್ ವಾಪಸ್ಸು ಬೇಕು. ಸೊಸೆ ಅದೇ ಸಂಜೆ ಕುಕ್ಕರ್ ತಂದು ಬಾಗಿಲಲ್ಲಿಟ್ಟು ಬೆಲ್ ಒತ್ತಿ ಹೊರಟುಹೋದಳು. ನಾನು ಹೆದರಿದೆ. ಆಂಟಿ ಮಾತ್ರ ಸಂತೋಷದಿಂದ ಮೆಟ್ಟಿಲು ಹತ್ತಿ ಬಂದು, ಮೂರು ವರ್ಷದಿಂದ ಹೊರಬರದ ಕುಕ್ಕರ್ ಎರಡು ಸಾಲಿಗೆ ಬಂತು, ನಿಮ್ಮ ಯಜಮಾನರು ಸಾಮಾನ್ಯರಲ್ಲ ಎಂದರು.

ಇಷ್ಟರಲ್ಲಿ ನಮ್ಮ ಅಪ್ಪನ ಫೋನ್ ಬಂತು. ಅಪ್ಪ ಜಲಮಂಡಳಿಯಲ್ಲಿ ಮೀಟರ್ ವಿಭಾಗದ ಮೇಲ್ವಿಚಾರಕರಾಗಿ ನಿವೃತ್ತರಾದವರು. ನೂರಾರು ಮೀಟರುಗಳನ್ನು ನೋಡಿದ ಕಣ್ಣಿಗೆ ಅಳಿಯಂದಿರೂ ಒಂದು ಮೀಟರಿನ ಹಾಗೇ ಕಾಣುತ್ತಾರೆ. ಪ್ರತಿ ಭಾನುವಾರ ಫೋನ್ ಮಾಡಿ, ಮುಗೀತಾ ಎಂದು ಕೇಳುತ್ತಾರೆ. ಏಳು ವರ್ಷದಿಂದ ಮುಳ್ಳು ಒಂದೇ ಕಡೆ ನಿಂತಿದೆ. ಆ ಭಾನುವಾರ ಮಾತ್ರ ಇವರು ನನ್ನ ಕೈಯಿಂದ ಫೋನ್ ಕಿತ್ತುಕೊಂಡು ಗಂಭೀರವಾಗಿ ಹೇಳಿದರು.

"ಮಾವ, ಈಗ ಪಿಎಚ್‌ಡಿ ಮಾಡೋರಿಗೆಲ್ಲ ನಾನೇ ದಾರಿ ತೋರಿಸ್ತಾ ಇದ್ದೀನಿ."

ಸುಳ್ಳೇನೂ ಅಲ್ಲ. ಆದರೆ ಅಪ್ಪ ಅದನ್ನು ತಮಗೆ ಬೇಕಾದ ಹಾಗೆ ತೆಗೆದುಕೊಂಡರು. ಅಳಿಯನದು ಎಂದೋ ಮುಗಿದಿದೆ, ದೊಡ್ಡ ಮನುಷ್ಯ, ಹೇಳಿಕೊಂಡಿಲ್ಲ, ಈಗ ಪಿಎಚ್‌ಡಿ ಮಾಡುವವರಿಗೇ ಪಾಠ ಮಾಡುವ ಮಟ್ಟಕ್ಕೆ ಏರಿದ್ದಾನೆ ಎಂದು ತಮ್ಮ ವಾಕಿಂಗ್ ಬಳಗಕ್ಕೆಲ್ಲ ಸಾರಿದರು. ಬುಧವಾರ ಬೆಳಿಗ್ಗೆ ಪೆಟ್ಟಿಗೆ ಸಮೇತ ನಮ್ಮ ಬಾಗಿಲಲ್ಲಿ ನಿಂತಿದ್ದರು. ಮರುದಿನದ ಪಾಠ ಕಣ್ಣಾರೆ ನೋಡಬೇಕಂತೆ. ಆ ಗುರುವಾರ ಕಳೆದರೆ ಅರ್ಜಿ ಸಲ್ಲಿಸಲು ಶುಕ್ರವಾರ ಒಂದೇ ಉಳಿಯುತ್ತಿತ್ತು.

ನಾನು ಅಂಗಡಿಗೆ ಹೋದೆ. ಆ ಬುಧವಾರವೇ ಅದು ನಡೆದದ್ದು.

ಹನ್ನೊಂದರ ಹೊತ್ತಿಗೆ ಒಬ್ಬ ಹೆಂಗಸು ಬಂದು, ಓದಲು ಕಷ್ಟವಾಗುತ್ತಿದೆ, ನಂಬರ್ ನೋಡಿ ಎಂದರು. ಐವತ್ತು ದಾಟಿದ ವಯಸ್ಸು, ಹೆಗಲಲ್ಲಿ ಭಾರದ ಚೀಲ. ಹೆಸರು ಬರೆದುಕೊಳ್ಳುವಾಗ ನನ್ನ ಪೆನ್ನು ನಿಂತಿತು. ಇವರ ಪಿಎಚ್‌ಡಿ ಕಾಗದಗಳ ಮೇಲೆಲ್ಲ ಏಳು ವರ್ಷದಿಂದ ನೋಡುತ್ತ ಬಂದ ಹೆಸರು ಅದು. ಇವರ ಮೇಡಂ. ಅವರಿಗೆ ನಾನು ಯಾರೆಂದು ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ಕಣ್ಣಿನ ಡಾಕ್ಟರು ಒಳಗೆ ಪರೀಕ್ಷೆ ಮಾಡಿ ಚೀಟಿ ಕೊಟ್ಟರು. ನಂಬರ್ ಏನೂ ಬದಲಾಗಿಲ್ಲ ಮೇಡಂ, ಹಳೆಯ ಕನ್ನಡಕವೇ ಸಾಕು ಎಂದೆ ನಾನು. ಹೀಗೆಂದರೆ ಯಾರಾದರೂ ಖುಷಿಪಡುತ್ತಾರೆ, ಖರ್ಚು ಉಳಿಯಿತಲ್ಲ. ಮೇಡಂ ಮುಖ ಬಾಡಿತು.

"ಸ್ವಲ್ಪನೂ ಬದಲಾಗಿಲ್ವಾ?"

"ಇಲ್ಲ ಮೇಡಂ."

"ಇನ್ನೊಂದ್ಸಲ ನೋಡೋಕಾಗುತ್ತಾ? ಕಣ್ಣಿಂದ ನೀರು ಬರುತ್ತೆ, ಅಥವಾ ತಲೆನೋವು, ಹಾಗೇನಾದ್ರೂ ಬರ್ಕೊಡ್ತಾರಾ?"

ಕಣ್ಣು ಚೆನ್ನಾಗಿದೆ ಎಂದದ್ದಕ್ಕೆ ಇಷ್ಟು ನೊಂದವರನ್ನು ನಾನು ನಮ್ಮ ಕೌಂಟರಿನ ಎದುರು ಕಂಡಿರಲಿಲ್ಲ. ಕೂರಿಸಿ ನೀರು ಕೊಟ್ಟೆ. ಹಳೆಯ ಕನ್ನಡಕದ ಸ್ಕ್ರೂ ಬಿಗಿ ಮಾಡುತ್ತ, ಏನು ಓದಬೇಕಿತ್ತು ಮೇಡಂ ಎಂದು ಕೇಳಿದೆ. ಕನ್ನಡಕ ತೆಗೆದು ಕೂತವರು ಎದುರಿಗಿರುವವರ ಮುಖ ಸರಿಯಾಗಿ ಕಾಣದ ಕಾರಣಕ್ಕೋ ಏನೋ, ಮನಸ್ಸು ಬಿಚ್ಚಿ ಮಾತಾಡುತ್ತಾರೆ. ಒಬ್ಬ ವಿದ್ಯಾರ್ಥಿ ಒಂದು ಅಧ್ಯಾಯ ಕೊಟ್ಟು ಎಂಟು ತಿಂಗಳಾಯಿತಂತೆ. ಓದಿಲ್ಲವಂತೆ. ಮೊದಲು ಕೆಲಸದ ಒತ್ತಡ, ಆಮೇಲೆ ನಾಚಿಕೆ. ಅವನೂ ಬಂದು ಕೇಳುತ್ತಿಲ್ಲ, ಭಾರೀ ಕೋಪ ಬಂದಿರಬೇಕು. ಈಗ ಅವನನ್ನು ಕಂಡರೆ ಎದೆ ಹೊಡೆದುಕೊಳ್ಳುತ್ತದೆ. ಕಣ್ಣಿನ ತೊಂದರೆ ಅಂತಾದರೂ ಹೇಳಿಕೊಳ್ಳೋಣವೆಂದರೆ ಈ ಹಾಳು ಕಣ್ಣು ಸರಿಯಾಗಿದೆ.

ಕೈಯಲ್ಲಿದ್ದ ಸ್ಕ್ರೂ ನೆಲಕ್ಕೆ ಬಿತ್ತು. ಹುಡುಕುವ ನೆಪದಲ್ಲಿ ಕೌಂಟರಿನ ಕೆಳಗೆ ಬಗ್ಗಿ, ನಕ್ಕು, ಮುಖ ಸರಿಮಾಡಿಕೊಂಡು ಎದ್ದೆ. ನಾನು ಅವನ ಹೆಂಡತಿ ಎಂದು ಹೇಳಿದ್ದರೆ ಆ ಹೆಂಗಸು ಕನ್ನಡಕವನ್ನೂ ಬಿಟ್ಟು ಓಡುತ್ತಿದ್ದರು, ಅರ್ಜಿಯೂ ಅವರ ಹಿಂದೆಯೇ ಹೋಗುತ್ತಿತ್ತು. ಹಾಗಾಗಿ ಬೇರೆ ಹೇಳಿದೆ. ನಿಮ್ಮ ಗ್ರಂಥಾಲಯದ ಮೇಲಿನ ವಾಚನಾಲಯದಲ್ಲಿ ಗುರುವಾರ ಐದಕ್ಕೆ ಒಂದು ಓದುಗರ ಸಂಘ ಸೇರುತ್ತದೆ ಮೇಡಂ, ಇಂಥ ಬಾಯಿಗೆ ಬಾರದ ಮಾತು ಆಡುವುದು ಹೇಗೆ ಎಂದು ಅಲ್ಲಿ ಹೇಳಿಕೊಡುತ್ತಾರೆ, ನಮ್ಮ ಕೆಳಗಿನ ಮನೆಯ ಆಂಟಿಗೆ ಕುಕ್ಕರ್ ವಾಪಸ್ಸು ಬಂತು ಎಂದೆ. ಯಾರು ನಡೆಸುತ್ತಾರೆ ಎಂದು ಕೇಳಿದರು. ಓರ್ವ ಅನುಭವಿ ಎಂದೆ.

ಸಂಜೆ ಮನೆಗೆ ಬಂದು ಇವರಿಗೆ ಹೇಳಲು ಪ್ರಯತ್ನಪಟ್ಟೆ. ದೇವರಾಣೆ ಪ್ರಯತ್ನಪಟ್ಟೆ. ರೀ, ನಿಮ್ಮ ಮೇಡಂ ಅಂಗಡಿಗೆ ಬಂದಿದ್ದರು, ಅವರು ನಿಮ್ಮ ಅಧ್ಯಾಯ ಓದೇ ಇಲ್ಲವಂತೆ ಎಂದೆ. ಇವರು ಅಪ್ಪನಿಗೆ ಸೆಮಿನಾರಿನಲ್ಲಿ ಪ್ರಶ್ನೆ ಕೇಳುವ ಕ್ರಮ ವಿವರಿಸುತ್ತಿದ್ದರು.

"ಕನ್ನಡಕದ ಅಂಗಡಿಗೆ ಬರೋರೆಲ್ಲ ಓದಕ್ಕಾಗ್ತಿಲ್ಲ ಅಂತಾನೇ ಬರೋದು ಕಣೇ," ಎಂದರು.

ಅಪ್ಪ ತಟ್ಟೆಯನ್ನು ತೊಡೆಯ ಮೇಲೆ ಸಮತೋಲನ ಮಾಡುತ್ತ, ಅಳಿಯಂದಿರು ಮಾತಾಡುವಾಗ ನಡುವೆ ಬಾಯಿ ಹಾಕಬೇಡ ಎಂದು ನನಗೇ ಗದರಿದರು. ಸರಿ, ಆಗುವುದು ಆಗಲಿ ಎಂದು ನಾನು ಮರುದಿನಕ್ಕೆ ಅರ್ಧ ದಿನ ರಜೆ ಕೇಳಿದೆ.

ಗುರುವಾರ ಐದಕ್ಕೆ ಅಪ್ಪನನ್ನು ಕರೆದುಕೊಂಡು ಹೋದೆ. ಹಿಂದಿನ ಮೆಟ್ಟಿಲಿನಿಂದಲೇ ಹೋದೆವು, ಇವರಿಗೆ ಬೇರೆ ದಾರಿ ಮರೆತೇಹೋಗಿತ್ತು. ಅಪ್ಪ ಮುರಿದ ಬೆಂಚುಗಳನ್ನು ದಾಟುತ್ತ, ದೊಡ್ಡವರಿಗೆ ಪ್ರತ್ಯೇಕ ದಾರಿ ಇರಬೇಕು ಎಂದುಕೊಂಡರು. ವಾಚನಾಲಯ ತುಂಬಿತ್ತು. ಮುಂದೆ ಕರಿಹಲಗೆ, ಪಕ್ಕದ ಮೇಜಿನ ಮೇಲೆ ಬಿಸ್ಕತ್ತಿನ ತಟ್ಟೆ, ಅದರ ಪಕ್ಕದಲ್ಲಿ ಆ ಪುಸ್ತಕ. ಮೂರು ದಿನದ ಹಿಂದಿನ ಟೀ ಲೋಟದ ಗುರುತು ಅದರ ಮೇಲೆ ದುಂಡಗೆ ಬಿದ್ದಿತ್ತು. ಅಪ್ಪ ಮೊದಲ ಸಾಲಿನಲ್ಲಿ ಕೂತು ಅಕ್ಕಪಕ್ಕದವರಿಗೆಲ್ಲ, ನಾನು ಮಾವ ಎಂದು ಪರಿಚಯ ಮಾಡಿಕೊಂಡರು. ಎಲ್ಲರೂ ಗೌರವದಿಂದ ಕಾಲು ಮಡಿಸಿ ಕೂತರು.

ಇವರು ಹಲಗೆಯ ಮೇಲೆ ಅಂದಿನ ವಿಷಯ ಬರೆದರು: ಗೈಡ್ ಕೋಣೆಯ ಬಾಗಿಲು ತಟ್ಟುವುದು ಹೇಗೆ. ಬಾಗಿಲನ್ನು ಹೇಗೆ ತಟ್ಟಬೇಕು, ಎಷ್ಟು ಹೊತ್ತು ಕಾಯಬೇಕು, ಬನ್ನಿ ಎಂದ ಮೇಲೆ ಎಲ್ಲಿ ನಿಲ್ಲಬೇಕು, ಇವರು ಎಷ್ಟು ಚೆನ್ನಾಗಿ ಹೇಳಿದರೆಂದರೆ ನನಗೇ ಯಾರದಾದರೂ ಬಾಗಿಲು ತಟ್ಟೋಣ ಅನ್ನಿಸಿತು. ಆಗ ಪ್ರಶ್ನೆ ಕೈ ಎತ್ತಿ, ಅಣ್ಣ, ಮಾಡಿ ತೋರಿಸಿದರೆ ಒಳ್ಳೆಯದಲ್ಲವೇ ಎಂದ. ಎಲ್ಲರೂ ಹೌದು ಹೌದು ಎಂದರು. ಎರಡು ಕುರ್ಚಿ ಎದುರುಬದುರಾಗಿ ಬಂತು. ವಿದ್ಯಾರ್ಥಿಯ ಪಾತ್ರ ಇವರದು. ಗೈಡ್ ಪಾತ್ರಕ್ಕೆ ಯಾರೂ ಏಳಲಿಲ್ಲ. ಆ ಕುರ್ಚಿಯಲ್ಲಿ ಕೂರಲು ಯಾರಿಗೂ ಧೈರ್ಯವಿಲ್ಲ. ಕೊನೆಗೆ ಅಪ್ಪ ಎದ್ದು ಷರ್ಟು ಎಳೆದುಕೊಂಡರು.

ಅಷ್ಟರಲ್ಲಿ ಬಾಗಿಲು ಸದ್ದಿಲ್ಲದೆ ತೆರೆದುಕೊಂಡಿತು. ಚೀಲವನ್ನು ಎದೆಗೆ ಅವುಚಿಕೊಂಡು ಮೇಡಂ ಇಣುಕಿದರು. ಹಿಂದಿನ ಸಾಲಿನಲ್ಲಿ ಸದ್ದು ಮಾಡದೆ ಕೂತುಬಿಡುವ ಯೋಚನೆ ಅವರದು. ಆದರೆ ಅವರನ್ನು ಮೊದಲು ಕಂಡವರು ನಮ್ಮ ಅಪ್ಪ.

"ಬನ್ನಿಮ್ಮಾ, ಸರಿಯಾದ ಹೊತ್ತಿಗೆ ಬಂದ್ರಿ," ಎಂದರು ಅಪ್ಪ. "ಇಲ್ಲಿ ಗೈಡ್ ಪಾತ್ರಕ್ಕೆ ಒಬ್ಬರು ಬೇಕು. ನೋಡೋಕೂ ಹಾಗೇ ಇದ್ದೀರಿ."

ಮೇಡಂ ಬೇಡ ಬೇಡ ಎನ್ನುವಷ್ಟರಲ್ಲಿ ಅಪ್ಪ ಅವರನ್ನು ಕುರ್ಚಿಗೆ ತಲುಪಿಸಿದ್ದರು. ಇವರು ಹಲಗೆ ಒರೆಸಿ, ಕೈ ಕೊಡವಿ, ಹಿಂತಿರುಗಿದರು.

ಇವರ ಕೈಯಿಂದ ಡಸ್ಟರ್ ಬಿತ್ತು. ಮೇಡಂ ಏಳಲು ನೋಡಿದರು, ಚೀಲದ ಪಟ್ಟಿ ಕುರ್ಚಿಗೆ ಸಿಕ್ಕಿಹಾಕಿಕೊಂಡಿತು. ಇವರು ಬಾಗಿಲ ಕಡೆ ನೋಡಿದರು, ಬಾಗಿಲಿಗೆ ಅಡ್ಡವಾಗಿ ನಾನು ನಿಂತಿದ್ದೆ. ಶುರು ಮಾಡಿ ಎಂದರು ಅಪ್ಪ.

ಇವರು ಮೆಲ್ಲಗೆ ಬಂದು ಎದುರಿನ ಕುರ್ಚಿಯ ತುದಿಯಲ್ಲಿ ಕೂತು, ನಮಸ್ಕಾರ ಮೇಡಂ ಎಂದು ನಿಲ್ಲಿಸಿದರು. ಪ್ರಶ್ನೆ ಸುಮ್ಮನಿರುವ ಪೈಕಿಯೇ? ಅಣ್ಣ, ಮೊದಲ ವಾಕ್ಯದಲ್ಲೇ ವಿಷಯಕ್ಕೆ ಬರಬೇಕು ಅಂತ ನೀವೇ ಹೇಳಿದ್ದೀರಿ ಎಂದು ನೆನಪಿಸಿದ. ಅಷ್ಟು ಜನರ ಎದುರು, ಮಾವನ ಎದುರು, ಇನ್ನು ದಾರಿ ಎಲ್ಲಿದೆ?

"ಮೇಡಂ, ನನ್ನ ಮೂರನೇ ಅಧ್ಯಾಯದ ಬಗ್ಗೆ ಕೇಳೋಕೆ ಬಂದೆ."

ಮೇಡಂ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. ಕನ್ನಡಕ ತೆಗೆದರೆ ಅವರಿಗೆ ಮಾತು ಬರುತ್ತದೆ ಎಂಬುದು ನನಗೆ ಗೊತ್ತಿತ್ತಲ್ಲ.

"ಅದನ್ನ ನಾನು ಓದಿಲ್ಲ," ಎಂದರು.

ಕೋಣೆಯಲ್ಲಿ ಗುಸುಗುಸು ಶುರುವಾಯಿತು. ಇದು ಸಹಜವಾಗಿಲ್ಲ ಎಂದ ಪ್ರಶ್ನೆ. ಯಾವ ಗೈಡೂ ಹೀಗೆ ಒಪ್ಪಿಕೊಳ್ಳುವುದಿಲ್ಲ, ನೋಡ್ತಾ ಇದ್ದೀನಿ ಎನ್ನುತ್ತಾರೆ ಎಂದ. ಗಡ್ಡದವನು, ಮೇಡಂ ಸ್ವಲ್ಪ ಗಡುಸಾಗಿ ಹೇಳಬೇಕು ಎಂದು ಸೂಚನೆ ಕೊಟ್ಟ. ಅಪ್ಪ ಎಲ್ಲರನ್ನೂ ಸುಮ್ಮನಿರಿಸಿ, ಆ ಅಮ್ಮ ಚೆನ್ನಾಗೇ ಅಭಿನಯ ಮಾಡುತ್ತಿದ್ದಾರೆ, ಬಿಡಿ ಎಂದರು.

"ಒಂದು ಪುಟಾನೂ ಓದಿಲ್ವಾ ಮೇಡಂ?" ಇವರ ಧ್ವನಿ ಕೀರಲಾಗಿತ್ತು.

"ಮೊದಲನೇ ಪುಟ ಎಷ್ಟೋ ಸಲ ಓದಿದೀನಿ. ತೆಗೀತೀನಿ, ಇಷ್ಟು ತಡ ಆಯ್ತಲ್ಲ ಅಂತ ನಾಚಿಕೆ ಆಗುತ್ತೆ, ಮುಚ್ಚಿಡ್ತೀನಿ. ನೀವೂ ಬಂದು ಕೇಳ್ಲಿಲ್ಲ. ಕೋಪ ಬಂದಿದೆ ಅಂದ್ಕೊಂಡೆ. ಆಮೇಲೆ ನಿಮ್ಮನ್ನ ಕಂಡ್ರೇ ಭಯ ಶುರುವಾಯ್ತು."

"ಭಯಾನಾ? ನನ್ನ ಕಂಡ್ರಾ?"

ಇವರನ್ನು ಕಂಡರೆ ಹೆದರುವವರು ಲೋಕದಲ್ಲಿದ್ದಾರೆ ಎಂಬುದು ನನಗೂ ಹೊಸ ಸುದ್ದಿ. ನಮ್ಮ ಬೀದಿಯ ಬೆಕ್ಕು ಕೂಡ ಇವರಿಗೆ ದಾರಿ ಬಿಡುವುದಿಲ್ಲ. ಇವರ ಮುಖದಲ್ಲಿ ಗಾಬರಿಯ ಜೊತೆಗೆ ಒಂದು ಚೂರು ಹೆಮ್ಮೆಯೂ ಇಣುಕಿದ್ದನ್ನು ನಾನು ಕಂಡೆ.

"ಅದಕ್ಕೇ ನಾನು ಹಿಂದಿನ ಮೆಟ್ಟಿಲಲ್ಲಿ ಓಡಾಡ್ತಿದ್ದೆ," ಎಂದರು ಮೇಡಂ.

"ಹಿಂದಿನ ಮೆಟ್ಟಿಲಲ್ಲಿ ಓಡಾಡ್ತಿದ್ದಿದ್ದು ನಾನು ಮೇಡಂ."

"ನೀವು ಬೆಳಿಗ್ಗೆ ಇರ್ಬೇಕು. ನಾನು ಮಧ್ಯಾಹ್ನದ ಮೇಲೆ."

ಅಷ್ಟರಲ್ಲಿ ವಿಭಾಗದ ಅಟೆಂಡರು ಟೀ ಕೆಟಲ್ ಹಿಡಿದು ನನ್ನನ್ನು ಸರಿಸಿಕೊಂಡು ಒಳಗೆ ಬಂದ. ಎದುರುಬದುರು ಕೂತ ಇಬ್ಬರನ್ನೂ ನೋಡಿ ಕೆಟಲನ್ನು ನೆಲಕ್ಕಿಟ್ಟ.

"ಅಂತೂ ಸಿಕ್ರಲ್ಲ ಒಬ್ರಿಗೊಬ್ರು. ದಿನಾ ಬೆಳಗಾದ್ರೆ ಸರ್ ಬಂದು ಮೇಡಂ ಇದ್ದಾರಾ ಅಂತಾರೆ, ಮೇಡಂ ಬಂದು ಅವರು ಇದ್ದಾರಾ ಅಂತಾರೆ. ಇದ್ದಾರೆ ಅಂದ್ರೆ ಸಾಕು, ಕೇಳಿದೋರು ನಾಪತ್ತೆ."

ಆಗ ಎಲ್ಲರಿಗೂ ತಿಳಿಯಿತು. ಸಸ್ಯಶಾಸ್ತ್ರದ ಹುಡುಗಿ ಕಚ್ಚಿದ ಬಿಸ್ಕತ್ತನ್ನು ಹಾಗೇ ಹಿಡಿದುಕೊಂಡಳು. ಪ್ರಶ್ನೆಗೆ ಮೊದಲ ಬಾರಿ ಪ್ರಶ್ನೆ ಹೊಳೆಯಲಿಲ್ಲ. ಅಪ್ಪ ಮಾತ್ರ ನನ್ನ ಕಡೆ ತಿರುಗಿ, ಹಾಗಾದರೆ ಇವರದು ಇನ್ನೂ ಮುಗಿದಿಲ್ಲವೇ ಎಂದು ಕೇಳಿದರು. ಇಲ್ಲಪ್ಪ ಎಂದೆ. ಅಪ್ಪ ಹಳೆಯ ಮೀಟರ್ ನೋಡುವ ಹಾಗೆ ಬಗ್ಗಿ ಇವರನ್ನು ನೋಡಿದರು. ನನಗೆ ಇವರ ಮೇಲೆ ಅಷ್ಟೂ ವರ್ಷದಲ್ಲಿ ಬಾರದ ಕನಿಕರ ಆಗ ಬಂತು. ಮಾವನ ಮುಂದೆ, ಶಿಷ್ಯರ ಮುಂದೆ, ಮೇಡಂ ಮುಂದೆ, ಒಂದೇ ಏಟಿಗೆ ಎಲ್ಲ ಬಯಲಾಗಿ ಕೂತ ಮನುಷ್ಯ. ಷರ್ಟಿನ ಜೇಬಿನಲ್ಲಿ ಮಡಿಸಿಟ್ಟ ಅರ್ಜಿ ಮಡಿಕೆಯಲ್ಲೇ ಸವೆದುಹೋಗಿತ್ತು. ಇವರ ಕೈ ಜೇಬಿನವರೆಗೆ ಹೋಯಿತು, ಅಲ್ಲೇ ನಿಂತಿತು.

ಆಗ ಆ ಹುಡುಗಿ ಹಿಂದಿನಿಂದ ಮೆಲ್ಲಗೆ ಹೇಳಿದಳು.

"ಅಣ್ಣ, ಎರಡೇ ಸಾಲು. ಕ್ಷಮೆ ಬೇಡ."

ಇವರು ಉಸಿರೆಳೆದುಕೊಂಡರು.

"ಮೇಡಂ, ನನ್ನ ಅವಧಿ ನಾಳೆ ಮುಗಿಯುತ್ತೆ. ನಿಮ್ಮ ಸಹಿ ಬೇಕು."

ಮೇಡಂ ಕನ್ನಡಕ ಹಾಕಿಕೊಂಡು ಕೈ ಚಾಚಿದರು. ಅರ್ಜಿಯ ಕೆಳಗೆ ಇಡಲು ಗಟ್ಟಿಯಾದದ್ದು ಏನಾದರೂ ಬೇಕಿತ್ತು. ಅಪ್ಪ ಮೇಜಿನ ಮೇಲಿದ್ದ ಪುಸ್ತಕ ಎತ್ತಿಕೊಟ್ಟರು. ಆ ಪುಸ್ತಕವನ್ನು ಆ ಸಂಘ ಉಪಯೋಗಿಸಿದ್ದು ಅದೊಂದೇ ಬಾರಿ. ಮೇಡಂ ಸಹಿ ಹಾಕಿ, ಪುಸ್ತಕವನ್ನು ತಿರುಗಿಸಿ ನೋಡಿ, ಇದೆಲ್ಲ ಇದರಲ್ಲಿದೆಯಾ, ಯಾವ ಪುಟದಲ್ಲಿದೆ ಎಂದು ಕೇಳಿದರು. ಇವರು ಪ್ರಶ್ನೆಯನ್ನು ನೋಡಿದರು. ಪ್ರಶ್ನೆ ಗಡ್ಡದವನನ್ನು ನೋಡಿದ. ಗಡ್ಡದವನು ಹುಡುಗಿಯನ್ನು ನೋಡಿದ. ಅಲ್ಲಿದ್ದವರೆಲ್ಲ ಒಬ್ಬರನ್ನೊಬ್ಬರು ನೋಡಿ ಮುಗಿಸುವಷ್ಟರಲ್ಲಿ ಮೇಡಂ ನಗಲು ಶುರುಮಾಡಿದ್ದರು. ನಾನೂ ನಕ್ಕೆ. ನಕ್ಕು ನಕ್ಕು ಬಾಗಿಲಿಗೆ ಒರಗಿದೆ.

ಅರ್ಜಿ ಶುಕ್ರವಾರ ಕಚೇರಿ ತಲುಪಿತು. ಅಪ್ಪ ಶನಿವಾರ ಊರಿಗೆ ಹೊರಟರು. ವಾಕಿಂಗ್ ಬಳಗಕ್ಕೆ ಏನು ಹೇಳುತ್ತೀರಿ ಎಂದು ನಾನು ಅಳುಕುತ್ತಲೇ ಕೇಳಿದೆ. ಅಳಿಯಂದಿರು ನಾಟಕವನ್ನೂ ಮಾಡುತ್ತಾರೆ ಎಂದು ಹೇಳುತ್ತೇನೆ ಎಂದರು. ಆ ಪುಸ್ತಕವನ್ನೂ ಪೆಟ್ಟಿಗೆಯಲ್ಲಿಟ್ಟುಕೊಂಡು ಹೋಗಿದ್ದಾರೆ, ಬಳಗದಲ್ಲಿ ಒಂದು ಸಂಘ ಶುರುಮಾಡುತ್ತಾರಂತೆ. ಗ್ರಂಥಾಲಯದವರು ಈಗ ನನ್ನನ್ನು ಕೇಳುತ್ತಿದ್ದಾರೆ.

ಎರಡು ವಾರ ಕಳೆದು ಮೂರನೇ ಅಧ್ಯಾಯ ಮನೆಗೆ ಬಂತು. ಮೇಡಂ ಓದಿದ್ದರು, ಒಂದು ಸಾಲನ್ನೂ ಬಿಟ್ಟಿರಲಿಲ್ಲ. ಪುಟಪುಟದಲ್ಲೂ ಕೆಂಪು ಗೆರೆ, ಬದಿಯಲ್ಲಿ ಬರಹ, ಬಾಣದ ಗುರುತು. ಕೊನೆಯ ಪುಟದಲ್ಲಿ, ಮೊದಲಿನಿಂದ ಮತ್ತೆ ಬರೆಯಿರಿ ಎಂದಿತ್ತು. ಅದನ್ನು ಓದಿ ನನಗೆ ಕಣ್ಣು ಕತ್ತಲೆ ಬಂತು. ಇನ್ನೆಷ್ಟು ವರ್ಷ ಸೋಫಾದ ಮೇಲೆ ಊಟವಪ್ಪಾ ಎಂದುಕೊಂಡು ಇವರ ಮುಖ ನೋಡಿದೆ. ಇವರು ಮದುವೆಯ ಫೋಟೋ ತೋರಿಸುವವರ ಹಾಗೆ ಒಂದೊಂದೇ ಪುಟ ತಿರುಗಿಸಿ ನನಗೆ ತೋರಿಸುತ್ತಿದ್ದರು. ಇಲ್ಲಿ ನೋಡು, ಇದು ತಪ್ಪು ಅಂದಿದ್ದಾರೆ. ಇಲ್ಲಿ ನೋಡು, ಇದು ಯಾಕೆ ಅಂತ ಕೇಳಿದ್ದಾರೆ. ಎಂಟು ತಿಂಗಳಿಂದ ಕಾಣದಿದ್ದ ನಗು ಮುಖದ ಮೇಲಿತ್ತು.

ಮರುದಿನ ಸಂಜೆ ನಾನು ಅಂಗಡಿಯಿಂದ ಬರುವ ಹೊತ್ತಿಗೆ ಇವರು ಮೇಜಿನ ಅರ್ಧ ಭಾಗ ಖಾಲಿ ಮಾಡಿದ್ದರು. ಮೇಡಂ ಅಧ್ಯಾಯದ ಒಂದು ಭಾಗವನ್ನೇ ತೆಗೆದುಹಾಕಿ ಎಂದಿದ್ದರಂತೆ, ಹಾಗಾಗಿ ಟಿಕೆಟ್ ಕೌಂಟರಿನವರೆಲ್ಲ ರಟ್ಟಿನ ಪೆಟ್ಟಿಗೆ ಸೇರಿ ಮಂಚದ ಕೆಳಗೆ ಹೋಗಿದ್ದರು. ಇನ್ನರ್ಧದಲ್ಲಿ ಆಸ್ಪತ್ರೆಯವರು ಇನ್ನೂ ಕಾಯುತ್ತಿದ್ದರು. ನಾನು ಒದ್ದೆ ಬಟ್ಟೆ ತಂದು ಧೂಳು ಒರೆಸಿದೆ. ಕೆಳಗೆ ಜೇನಿನ ಬಣ್ಣದ ಮರ ಹೊಳೆಯಿತು. ನನಗೆ ಅಳು ಬರುವಷ್ಟು ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ. ತಟ್ಟೆ ಇಟ್ಟೆ, ಎದುರುಬದುರು ಕೂತೆವು. ಇವರು ಒಂದು ತುತ್ತು ತಿಂದು, ಕೈಯಲ್ಲಿ ಮರವನ್ನು ಸವರಿ, ತಲೆ ಎತ್ತಿದರು.

"ಮೇಜು ಚೆನ್ನಾಗಿದೆ ಕಣೇ. ಯಾವಾಗ ತಗೊಂಡೆ?"